ಮೇಟ್ರನ್ ಮಗಳು

ಮೇ 11

ಮೇಟ್ರನ್ ಅವರಿಗೆ ವಂದನೆಗಳು.

ನಾನು ಕ್ಷೇಮ, ಕಡ್ಡಿಯೂ ಕ್ಷೇಮ. ಹಾಸ್ಟೆಲು ಬಿಟ್ಟು ಯಾವ ಕಾಲವಾಯಿತು, ಇನ್ನಾದರೂ ಅಮ್ಮ ಎಂದು ಬರೆಯಬಾರದೇ ಎಂದು ಹೋದ ಪತ್ರದಲ್ಲಿ ಕೇಳಿದ್ದಿರಿ. ಪ್ರಯತ್ನ ಮಾಡಿದೆ. ಒಂದು ಹಾಳೆ ದಂಡವಾಯಿತು, ಅಷ್ಟೇ. ಓದು ಮುಗಿಸಿ ಆ ಗೇಟು ದಾಟುವ ತನಕ ನಿಮ್ಮನ್ನು ಹಾಗೆ ಕರೆದರೆ ಶಿಕ್ಷೆ ಇತ್ತು. ಈಗ ಕರೆಯದಿದ್ದರೆ ಬೇಸರ ಎನ್ನುತ್ತೀರಿ. ನಾಲಿಗೆ ಒಂದು ಕಡೆ ಪಳಗಿದ ಮೇಲೆ ಇನ್ನೊಂದು ಕಡೆ ಹೊರಳುವುದು ಕಷ್ಟ. ತಪ್ಪು ತಿಳಿಯಬೇಡಿ.

ವಿಷಯಕ್ಕೆ ಬರುತ್ತೇನೆ. ಕಡ್ಡಿಯನ್ನು ನೋಡಿಕೊಳ್ಳುತ್ತಿದ್ದ ನಮ್ಮ ಅತ್ತೆ ತಮ್ಮ ದೊಡ್ಡ ಮಗನ ಮನೆಗೆ ಹೊರಟಿದ್ದಾರೆ. ಅವರನ್ನು ಅನ್ನುವ ಹಾಗಿಲ್ಲ. ಮಗ ಹೆಂಡತಿ ಮಗುವನ್ನು ಬಿಟ್ಟು ಹೋದ ಮೇಲೂ ಸೊಸೆಯ ಜೊತೆ ಇಷ್ಟು ವರ್ಷ ಇದ್ದರು, ಯಾರು ಇರುತ್ತಾರೆ? ಮಂಡಿ ನೋವು, ಮೆಟ್ಟಿಲು ಹತ್ತಲಾಗುವುದಿಲ್ಲ. ಹೊರಡುತ್ತೇನೆ ಎಂದು ಹೇಳುವಾಗ ನನಗಿಂತ ಹೆಚ್ಚು ಅವರೇ ಅತ್ತರು. ನನಗೆ ಆಸ್ಪತ್ರೆಯ ನರ್ಸುಗಳ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಕೊಡುತ್ತಾರೆ. ಒಂದು ಮಂಚ, ಒಂದು ಕಬ್ಬಿಣದ ಬೀರು, ಕಿಟಕಿಯಾಚೆ ಲಾಂಡ್ರಿಯ ಗೋಡೆ. ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ. ನನ್ನದೋ ಒಂದು ವಾರ ಹಗಲು ಡ್ಯೂಟಿ, ಒಂದು ವಾರ ರಾತ್ರಿ. ಎಂಟು ವರ್ಷದ ಹುಡುಗಿಯನ್ನು ಯಾರ ಮಡಿಲಿಗೆ ಹಾಕಲಿ?

ಅವಳನ್ನು ನಿಮ್ಮ ಬೋರ್ಡಿಂಗಿಗೆ ಸೇರಿಸಬೇಕು ಎಂದುಕೊಂಡಿದ್ದೇನೆ. ಇದನ್ನು ಬರೆಯಲು ನನಗೆ ಎಷ್ಟು ಕಷ್ಟವಾಯಿತು ಎಂದು ನಿಮಗೆ ಗೊತ್ತಾಗುತ್ತದೆ. ನೀವು ಅಲ್ಲಿದ್ದೀರಿ ಎಂಬ ಒಂದೇ ಧೈರ್ಯ. ಆದರೆ ಒಂದು ಮಾತು: ಅವಳು ನಿಮ್ಮನ್ನು ಅಜ್ಜಿ ಎಂದೇ ಕರೆಯುತ್ತಾಳೆ, ಎಲ್ಲರೆದುರಿಗೂ. ಇದಕ್ಕೆ ಒಪ್ಪಿಗೆ ಇದ್ದರೆ ತಿಳಿಸಿ.

ಇತಿ,
ನಿಮ್ಮ ಮಗಳು


ಮೇ 19

ಕರ್ತನಲ್ಲಿ ಪ್ರಿಯಳಾದ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಮೊದಲು ಒಳ್ಳೆಯ ಸುದ್ದಿ. ಕಡ್ಡಿಗೆ ಜಾಗ ಉಂಟು. ದೊಡ್ಡ ಮಿಸ್ಸು ಒಂದೇ ಮಾತಿಗೆ ಒಪ್ಪಿದರು. ದೊಡ್ಡ ಮಿಸ್ಸು ಅಂದರೆ ಯಾರು ಗೊತ್ತಲ್ಲ, ನಿನಗಿಂತ ಎರಡು ಕ್ಲಾಸು ಮುಂದಿದ್ದ ಆ ಹಲ್ಲುಬ್ಬಿ! ಈಗ ಹೆಡ್‌ಮಿಸ್ಟ್ರೆಸ್ ಆಗಿ ನನ್ನ ಮೇಲೇ ಅಧಿಕಾರ ನಡೆಸುತ್ತಾಳೆ. ನಾನೇ ಹೇನು ತೆಗೆದ ತಲೆ ಅದು. ಆದರೂ ಎದುರಿಗೆ ಬಂದರೆ ಎದ್ದು ನಿಲ್ಲುತ್ತೇನೆ. ಪದ್ಧತಿ ಅಂದರೆ ಪದ್ಧತಿ.

ಇನ್ನು ನಿನ್ನ ಷರತ್ತು. ಮಗಳೇ, ಹಾಸ್ಟೆಲಿನ ಬಾಗಿಲು ದಾಟಿ ಒಳಗೆ ಬಂದರೆ ನನಗೆ ಮಗಳೂ ಇಲ್ಲ, ಮೊಮ್ಮಗಳೂ ಇಲ್ಲ. ಯಾಕೆ ಎಂದು ನಿನಗೆ ಗೊತ್ತು. ಕಡ್ಡಿಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದಿ ಹೇಳು. ಈ ಶಾಲೆ ಶುರುವಾದದ್ದು ಊರಿಗೆ ಜ್ವರದ ಬೇನೆ ಬಂದ ವರ್ಷ. ತಾಯಂದಿರು ಹೋಗಿ ಮಕ್ಕಳು ಉಳಿದವು. ಗಂಡು ಮಕ್ಕಳನ್ನು ಹೇಗೋ ಬಂಧುಗಳು ಕರೆದುಕೊಂಡರು, ಕೆಲಸಕ್ಕೆ ಬರುತ್ತಾರಲ್ಲ. ಹೆಣ್ಣು ಮಕ್ಕಳನ್ನು ಯಾರೂ ಕೇಳಲಿಲ್ಲ. ನಮ್ಮ ಮೊದಲ ಮಿಸ್ಸಮ್ಮ, ಒಬ್ಬ ಪಾದ್ರಿಯ ವಿಧವೆ, ಅವರನ್ನೆಲ್ಲ ಚರ್ಚಿನ ಹಿಂದಿನ ಉಗ್ರಾಣದಲ್ಲಿ ಸೇರಿಸಿ ಅಕ್ಷರ ಕಲಿಸಿದರು. ಅವರ ಸ್ವಂತ ಮಗಳೂ ಆ ಮಕ್ಕಳ ಜೊತೆಗೇ ಇದ್ದಳು. ಒಂದು ದಿನ ಊಟಕ್ಕೆ ಕೂತಿದ್ದಾಗ ಆ ಹುಡುಗಿ ಅಮ್ಮಾ ಎಂದು ಕೂಗಿದಳಂತೆ. ಮಕ್ಕಳೆಲ್ಲ ಒಟ್ಟಿಗೆ ತಿರುಗಿ ಬಾಗಿಲ ಕಡೆ ನೋಡಿದವಂತೆ, ತಮ್ಮ ತಮ್ಮ ಅಮ್ಮ ಬಂದಳೇನೋ ಎಂದು. ಆಮೇಲೆ ಯಾರಿಗೂ ಅನ್ನ ಇಳಿಯಲಿಲ್ಲ. ಅವತ್ತಿನಿಂದ ಮಿಸ್ಸಮ್ಮ ತಮ್ಮ ಮಗಳಿಗೂ ಮಿಸ್ಸಮ್ಮನೇ ಆದರು. ಊಟದ ಮನೆಯ ಗೋಡೆಯ ಮೇಲೆ ಅವರು ಬರೆಸಿದ ಮಾತು ಈಗಲೂ ಇದೆ: ಒಬ್ಬಳಿಗೆ ಇಲ್ಲದ್ದು ಇನ್ನೊಬ್ಬಳಿಗೆ ಬೇಡ. ಸುಣ್ಣ ಬಳಿಯುವಾಗೆಲ್ಲ ಅಕ್ಷರಗಳ ಮೇಲೆ ಕಾಗದ ಅಂಟಿಸಿ ಬಳಿಸುತ್ತೇನೆ.

ಈಗಲೂ ಇಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ತಾಯಿಯಿಲ್ಲ, ಅಥವಾ ಇದ್ದೂ ಇಲ್ಲ. ಅವರೆದುರಿಗೆ ನನ್ನ ಮೊಮ್ಮಗಳು ಅಜ್ಜಿ ಎಂದು ಸೆರಗು ಹಿಡಿದರೆ ಅವರ ಮುಖ ನಾನು ಹೇಗೆ ನೋಡಲಿ? ಇವೆಲ್ಲ ನಿನಗೆ ಹೇಳಬೇಕೇ.

ಕಳಿಸು ಅವಳನ್ನು. ಬಿಳಿ ಫ್ರಾಕು ಎರಡು, ಸತ್ಯವೇದ, ಕೀರ್ತನೆ ಪುಸ್ತಕ, ಬಾಚಣಿಗೆ. ಎಲ್ಲ ಬಟ್ಟೆಗೂ ಒಳಗಡೆ ಹೆಸರು ಹೊಲಿದಿರಬೇಕು. ತಿಂಡಿ ಕಟ್ಟಿ ಕಳಿಸಬೇಡ. ಕಳಿಸಿದರೆ ಎಲ್ಲರಿಗೂ ಸಾಕಾಗುವಷ್ಟು ಕಳಿಸು.

ಇತಿ,
ಅಮ್ಮ


ಮೇ 27

ಮೇಟ್ರನ್ ಅವರಿಗೆ ವಂದನೆಗಳು.

ಕಡ್ಡಿಯನ್ನು ಕರೆದುಕೊಂಡು ಶನಿವಾರ ಬರುತ್ತೇನೆ. ಬಿಟ್ಟು ಅದೇ ರೈಲಿಗೆ ಹಿಂತಿರುಗಬೇಕು, ರಜೆ ಇಲ್ಲ. ಷರತ್ತು ಹಾಕುವಷ್ಟು ದೊಡ್ಡವಳು ನಾನಲ್ಲ, ಹಾಕಿದ್ದು ತಪ್ಪಾಯಿತು. ಬೇರೆ ದಾರಿ ಇಲ್ಲದವರು ಷರತ್ತು ಹಾಕಬಾರದು.

ಮಿಸ್ಸಮ್ಮನ ಕಥೆಯನ್ನು ಅವಳಿಗೆ ಓದಿ ಹೇಳಿದೆ. ಕೇಳಿ, ಆ ಹುಡುಗಿ ಆಮೇಲೆ ಏನಾದಳು ಎಂದಳು. ಯಾವ ಹುಡುಗಿ ಎಂದೆ. ಅಮ್ಮಾ ಅಂತ ಕರೆದವಳು ಎಂದಳು. ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಸ್ಥಾಪಕರ ದಿನಕ್ಕೆ ಅದೇ ಕಥೆ ಕೇಳಿದ್ದೇನೆ, ನಾಟಕ ಮಾಡಿದ್ದೇನೆ. ಯಾರೂ ಅದನ್ನು ಹೇಳಿಲ್ಲ, ನಾನೂ ಕೇಳಿಲ್ಲ. ನಿಮಗೆ ಗೊತ್ತಿದ್ದರೆ ಬರೆಯಿರಿ.

ಒಂದು ಕೋರಿಕೆ. ತಿಂಗಳ ಕೊನೆಯ ಭೇಟಿಯ ಭಾನುವಾರ ನಾನು ಬರಲಾಗುವುದಿಲ್ಲ. ಬಂದವರೆಲ್ಲ ಮರದ ಕೆಳಗಿನ ಬೆಂಚುಗಳ ಮೇಲೆ ತಮ್ಮ ತಮ್ಮ ಮಕ್ಕಳ ಜೊತೆ ಕೂತಿರುತ್ತಾರಲ್ಲ, ಯಾರೂ ಬರದ ಹುಡುಗಿಯರನ್ನು ಊಟದ ಮನೆಯ ಮೆಟ್ಟಿಲ ಮೇಲೆ ಕೂರಿಸಿ ಬಟ್ಟೆಗೆ ಗುಂಡಿ ಹೊಲಿಸುತ್ತಿದ್ದಿರಿ. ನನ್ನನ್ನೂ ಅಲ್ಲೇ ಕೂರಿಸುತ್ತಿದ್ದಿರಿ, ನನಗೂ ಯಾರೂ ಬಂದಿಲ್ಲ ಎಂಬ ಲೆಕ್ಕದಲ್ಲಿ. ಬೆನ್ನ ಹಿಂದಿನ ಕಿಟಕಿಯಲ್ಲಿ ನೀವು ಅಕ್ಕಿ ಅಳೆಯುವ ಸದ್ದು ನನಗೆ ಕೇಳುತ್ತಿತ್ತು. ಕಡ್ಡಿಯನ್ನು ಆ ಮೆಟ್ಟಿಲ ಮೇಲೆ ಕೂರಿಸಬೇಡಿ. ಬೇಕಾದರೆ ಅಡುಗೆಮನೆಗೆ ಏನಾದರೂ ಕೆಲಸ ಹಚ್ಚಿ ಕಳಿಸಿ.

ಇತಿ,
ನಿಮ್ಮ ಮಗಳು


ಜೂನ್ 16

ಕರ್ತನಲ್ಲಿ ಪ್ರಿಯಳಾದ ಮಗಳಿಗೆ ಆಶೀರ್ವಾದಗಳು.

ನೀನು ಕಡ್ಡಿಯನ್ನು ಬಿಟ್ಟು ಹೋಗುವಾಗ ತಿರುಗಿ ನೋಡಲಿಲ್ಲ. ಒಳ್ಳೆಯದೇ ಮಾಡಿದೆ. ತಿರುಗಿ ನೋಡಿದ ತಾಯಂದಿರ ಮಕ್ಕಳೇ ಹೆಚ್ಚು ಅಳುವುದು, ಇದು ನಾನು ಕಂಡದ್ದು. ಆದರೆ ಕಾಫಿ ಮಾಡಿಟ್ಟಿದ್ದೆ, ಕುಡಿದು ಹೋಗಬಹುದಿತ್ತು.

ಕಡ್ಡಿ ಚೆನ್ನಾಗಿದ್ದಾಳೆ. ಹೆಸರಿಗೆ ತಕ್ಕ ಹಾಗೆ ಕಡ್ಡಿಯೇ, ಫ್ರಾಕು ಹ್ಯಾಂಗರಿಗೆ ಹಾಕಿದ ಹಾಗೆ ಕಾಣುತ್ತದೆ. ಬಾಯಿ ಮಾತ್ರ ಒನಕೆ. ಮೊದಲ ದಿನವೇ ಪ್ರಾರ್ಥನೆಯ ಹೊತ್ತಿಗೆ ಕಣ್ಣು ಬಿಟ್ಟು ನೋಡುತ್ತಿದ್ದಳು. ಗದರಿದೆ. ನಾನು ಕಣ್ಣು ಬಿಟ್ಟಿದ್ದು ನಿಮಗೆ ಹೇಗೆ ಗೊತ್ತಾಯ್ತು ಎಂದಳು. ಊಟದ ಮನೆಯೆಲ್ಲ ಕಿಸಕ್ಕೆಂದಿತು. ನನ್ನನ್ನು ಮೇಟ್ರನ್ ಎಂದು ಒಂದು ಸಲ ಕರೆದಳು, ಆಮೇಲೆ ಏನೂ ಕರೆಯುವುದಿಲ್ಲ. ಏನಾದರೂ ಬೇಕಾದರೆ ಎದುರಿಗೆ ಬಂದು ನಿಂತು ನಾನು ನೋಡುವ ತನಕ ಕಾಯುತ್ತಾಳೆ.

ನಿನ್ನ ಕೋರಿಕೆ ಓದಿದೆ. ಅಡುಗೆಮನೆಗೆ ಕಳಿಸಿದರೆ ಅದೂ ಪಕ್ಷಪಾತವೇ ಅಲ್ಲವೇ? ಮೆಟ್ಟಿಲ ಮೇಲೆ ಕೂತವರಿಗೆ ಜೊತೆಯಾದರೂ ಇರುತ್ತದೆ. ನಿನ್ನನ್ನು ಅಲ್ಲಿ ಕೂರಿಸಿದ್ದಕ್ಕೆ ಉಳಿದ ಹುಡುಗಿಯರು ಎಷ್ಟು ಧೈರ್ಯವಾಗಿದ್ದರು ನಿನಗೇನು ಗೊತ್ತು. ಮೇಟ್ರನ್ ಮಗಳೇ ನಮ್ಮ ಜೊತೆ ಕೂತಿದ್ದಾಳೆ ಎನ್ನುತ್ತಿದ್ದರು.

ಆ ಮೊದಲ ಮಿಸ್ಸಮ್ಮನ ಮಗಳ ವಿಷಯ ಹಲ್ಲುಬ್ಬಿಯನ್ನು ಕೇಳಿದೆ. ಅವಳಿಗೂ ಗೊತ್ತಿಲ್ಲ. ಹಳೆಯ ಕಾಲದ ಮಾತು, ಮದುವೆಯಾಗಿ ಎಲ್ಲೋ ಹೋಗಿರಬೇಕು ಎಂದಳು.

ಮಧ್ಯಾಹ್ನ ಎಲ್ಲ ಶಾಲೆಗೆ ಹೋದ ಮೇಲೆ ಮಲಗುವ ಕೋಣೆಯಲ್ಲಿ ಒಬ್ಬಳೇ ಹಾಸಿಗೆಗಳ ಮುದುರು ಸರಿಮಾಡುತ್ತಾ ಹೋಗುತ್ತೇನೆ. ಸಾಲಾಗಿ ಮಂಚಗಳು, ಒಂದರಲ್ಲೂ ಜನ ಇಲ್ಲ. ಈ ವಯಸ್ಸಿಗೆ ಆ ಹೊತ್ತು ಯಾಕೋ ಬೇಡವೆನಿಸುತ್ತದೆ. ನೀನು ಉದ್ದದ ಕಾಗದ ಬರೆದರೆ ಆಗ ಓದಲು ಆಗುತ್ತದೆ.

ಇತಿ,
ಅಮ್ಮ


ಜುಲೈ 2

ಪ್ರೀತಿಯ ಅಮ್ಮನಿಗೆ ಕಡ್ಡಿ ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿದ್ದೀಯಾ. ಇಲ್ಲಿ ಗಂಜಿ ಕೊಡುತ್ತಾರೆ. ನನಗೆ ಎರಡು ಕೀರ್ತನೆ ಬಾಯಿಪಾಠ ಬರುತ್ತದೆ. ಭಾನುವಾರ ಎಲ್ಲರ ಮನೆಯವರು ಬಂದರು. ನನಗೆ ಮೆಟ್ಟಿಲ ಮೇಲೆ ಕೂತು ಗುಂಡಿ ಹೊಲಿ ಅಂದರು. ನಾನು ಮರದ ಕೆಳಗೆ ಹೋಗಿ ಬೆಂಚಿನ ಮೇಲೆ ಕೂತೆ. ಗೇಟಿನ ತಾತ ಬಂದು ನಿನ್ನನ್ನ ನೋಡೋಕೆ ಯಾರೂ ಬಂದಿಲ್ವಲ್ಲ, ಇಲ್ಯಾಕೆ ಕೂತಿದ್ದೀಯ ಅಂದ. ನನ್ನ ವಿಸಿಟರ್ ಒಳಗೇ ಇದ್ದಾರೆ, ಕೆಲಸ ಮುಗಿಸಿ ಬರ್ತಾರೆ ಅಂದೆ. ಪಕ್ಕದಲ್ಲಿ ಜಾಗ ಬಿಟ್ಟುಕೊಂಡು ಕೂತೆ. ಒಬ್ಬರು ಆಂಟಿ ಕೂತುಕೊಳ್ಳಲು ಬಂದರು. ಇಲ್ಲಿ ಜನ ಇದ್ದಾರೆ ಅಂದೆ. ಆಮೇಲೆ ನನಗೆ ನಿದ್ದೆ ಬಂತು. ಯಾರೂ ಬರಲಿಲ್ಲ. ನೀನು ಯಾವಾಗ ಬರುತ್ತೀಯ.

ಇತಿ ನಿನ್ನ ಪ್ರೀತಿಯ,
ಕಡ್ಡಿ

ಮಗಳೇ, ಮಕ್ಕಳ ಕಾಗದಗಳನ್ನು ನೋಡಿ ಅಂಚೆಗೆ ಹಾಕುವುದು ನನ್ನ ಕೆಲಸ ಎಂದು ನಿನಗೆ ಗೊತ್ತು. ಮನೆಯವರಿಗೆ ಸಂಕಟವಾಗುವಂಥದ್ದು ಇದ್ದರೆ ಬೇರೆ ಬರೆಸುತ್ತೇನೆ. ಇದನ್ನು ಬೇರೆ ಬರೆಸಲಿಲ್ಲ. ಅಕ್ಷರ ಮಾತ್ರ ಕೋಳಿ ಕೆದರಿದ ಹಾಗಿದೆ, ತಿದ್ದಿಸುತ್ತೇನೆ. ಅವಳು ಬೆಂಚಿನ ಮೇಲೆ ಕೂತದ್ದನ್ನು ನಾನು ಕಿಟಕಿಯಿಂದ ನೋಡಿದೆ. ನೋಡುತ್ತಲೇ ಇದ್ದೆ. ಹೋಗಲು ಕಾಲು ಬರಲಿಲ್ಲ.

ಅಮ್ಮ


ಆಗಸ್ಟ್ 13

ಕರ್ತನಲ್ಲಿ ಪ್ರಿಯಳಾದ ಮಗಳಿಗೆ ಆಶೀರ್ವಾದಗಳು.

ನಿನ್ನಿಂದ ಕಡ್ಡಿಗೆ ಕಾಗದ ಬಂತು, ನನಗೆ ಬರಲಿಲ್ಲ. ಇರಲಿ. ಇವತ್ತು ನಾನು ಬರೆಯುವುದನ್ನು ಓದಿದರೆ ನಿನ್ನ ಮುನಿಸು ಕರಗುತ್ತದೆ.

ಆ ಭಾನುವಾರದ ಮೇಲೆ ಕಡ್ಡಿ ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದಳು. ಬಡಿಸಲು ಹೋದರೆ ತಟ್ಟೆ ನೋಡುವುದು, ತಲೆ ಬಾಚಿದರೆ ಗೋಡೆ ನೋಡುವುದು. ಜುಲೈ ತಿಂಗಳ ಭೇಟಿಯ ಭಾನುವಾರವೂ ಹೋಗಿ ಅದೇ ಬೆಂಚಿನ ಮೇಲೆ ಕೂತಳು. ಎಳೆದು ತರೋಣವೆಂದರೆ ಊರವರೆಲ್ಲ ಇದ್ದಾರೆ. ಸಂಜೆ ಕರೆದು ಕೂರಿಸಿಕೊಂಡು ಗೋಡೆಯ ಮೇಲಿನ ಮಾತನ್ನು ಓದಿಸಿದೆ. ಒಬ್ಬಳಿಗೆ ಇಲ್ಲದ್ದು ಇನ್ನೊಬ್ಬಳಿಗೆ ಬೇಡ, ಅರ್ಥ ಆಯಿತಾ ಎಂದೆ. ತಲೆ ಅಲ್ಲಾಡಿಸಿದಳು. ಗೋಡೆಯನ್ನು ಇನ್ನೊಮ್ಮೆ ಓದಿಕೊಂಡು,

"ಹಾಗಾದ್ರೆ ಎಲ್ರಿಗೂ ಅಜ್ಜಿ ಆಗ್ಬಿಡಿ. ಆಗ ಯಾರಿಗೂ ಇಲ್ಲ ಅಂತ ಆಗಲ್ವಲ್ಲ" ಎಂದಳು.

ಹೋಗು, ಕಾಲು ತೊಳೆದುಕೋ ಎಂದು ಕಳಿಸಿದೆ. ಆದರೆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಹಾಗೆ ಮಾಡಬಹುದೇ ಎಂದು ಹಲ್ಲುಬ್ಬಿಯ ಹತ್ತಿರ ಹೋಗಿ ಕೇಳಿದೆ. ಅವಳು, "ಮೇಟ್ರನ್, ಇದನ್ನ ನೀವು ನನ್ನ ಕೇಳಬೇಕಾ?" ಎಂದಳು. ಅಷ್ಟೇ ಎಂದದ್ದು.

ಹೋದ ಶುಕ್ರವಾರ ಊಟದ ಹೊತ್ತಿಗೆ, ಪ್ರಾರ್ಥನೆ ಮುಗಿದ ಮೇಲೆ, ಎದ್ದು ನಿಂತೆ. ಯಾರೋ ಸೋಪು ನೀರಲ್ಲಿ ಬಿಟ್ಟಿರಬೇಕು ಎಂದು ಎಲ್ಲರೂ ಬೈಸಿಕೊಳ್ಳಲು ತಯಾರಾಗಿ ಕೂತಿದ್ದರು. ಈ ಕಡ್ಡಿ ನನ್ನ ಮೊಮ್ಮಗಳು, ನಿಮಗೆಲ್ಲ ಗೊತ್ತಿರುವುದೇ. ಅವಳಿಗೆ ನಾನು ಅಜ್ಜಿಯಾದರೆ ಇನ್ನು ಮೇಲೆ ನಿಮಗೆಲ್ಲರಿಗೂ ಅಜ್ಜಿಯೇ. ಮೇಟ್ರನ್ ಎಂದು ಯಾರೂ ಕರೆಯಬೇಕಾಗಿಲ್ಲ ಎಂದೆ. ಆಮೇಲೆ ದೊಡ್ಡ ಕ್ಲಾಸಿನ ಒಂದು ಹುಡುಗಿ, ತಂದೆ ತಾಯಿ ಇಬ್ಬರೂ ಇಲ್ಲದವಳು, ಯಾವತ್ತೂ ಎರಡನೇ ಸಲ ಏನನ್ನೂ ಕೇಳದವಳು, ತಟ್ಟೆ ಮುಂದೆ ಮಾಡಿ "ಅಜ್ಜಿ, ಇನ್ನೊಂಚೂರು ಸಾರು" ಎಂದಳು. ಮೊದಲು ಕರೆದವಳು ಅವಳೇ. ಕಡ್ಡಿಯಲ್ಲ.

ಈಗ ಬೆಳಗಾದರೆ ಅಜ್ಜಿ, ಸಂಜೆಯಾದರೆ ಅಜ್ಜಿ. ಅಜ್ಜಿ ಹೊಟ್ಟೆನೋವು, ಅಜ್ಜಿ ಜಡೆ ಹಾಕಿ. ಒಂದೇ ವಾರಕ್ಕೆ ನನ್ನ ಕಿವಿ ತೂತಾಯಿತು. ಭೇಟಿಯ ಭಾನುವಾರ ನಾನು ಮರದ ಕೆಳಗೆ ಹೋಗಿ ಕೂರುವುದೆಂದೂ, ಯಾರೂ ಬರದವರೆಲ್ಲ ನನ್ನ ಸುತ್ತ ಕೂರುವುದೆಂದೂ ತೀರ್ಮಾನವಾಗಿದೆ. ಗುಂಡಿಗಳನ್ನು ಶನಿವಾರ ಹೊಲಿದರಾಯಿತು. ಕಡ್ಡಿ ಮಾತ್ರ ತಾನೇ ಎಲ್ಲರಿಗೂ ಅಜ್ಜಿ ಕೊಡಿಸಿದವಳ ಹಾಗೆ ಮೆರೆಯುತ್ತಿದ್ದಾಳೆ.

ನಿನಗೆ ಸಂತೋಷವಾಗುತ್ತದೆ ಎಂದು ಮೊದಲು ನಿನಗೇ ಬರೆಯುತ್ತಿದ್ದೇನೆ. ಕೂಡಲೇ ಉತ್ತರ ಬರೆ.

ಇತಿ,
ಅಮ್ಮ


ಸೆಪ್ಟೆಂಬರ್ 24

ಮಗಳಿಗೆ ಆಶೀರ್ವಾದಗಳು.

ಕಾಗದ ಬರಲಿಲ್ಲ. ಅಂಚೆಯವನನ್ನು ಕೇಳಿ ಕೇಳಿ ಅವನೇ ಈಗ ಗೇಟಿನಿಂದಲೇ ಕೈ ಆಡಿಸಿ ಹೋಗುತ್ತಾನೆ. ಕಡ್ಡಿಗೆ ಬರೆದ ಕಾಗದದಲ್ಲೂ ನನ್ನ ಹೆಸರೆತ್ತಿಲ್ಲ. ಮಕ್ಕಳಿಗೆ ಬಂದ ಕಾಗದ ನಾನು ಓದುತ್ತೇನೆ ಎಂದು ಗೊತ್ತಿದ್ದೇ ಬರೆದಿಲ್ಲ ಎಂದು ನನಗೂ ಅರ್ಥವಾಗುತ್ತದೆ. ಆಫೀಸಿನಿಂದ ಎರಡು ಸಲ ಫೋನು ಮಾಡಿಸಿದೆ. ಡ್ಯೂಟಿಯಲ್ಲಿದ್ದಾರೆ ಎಂದರು.

ಏನಾಯಿತು? ಮೈ ಹುಷಾರಿಲ್ಲವೇ? ಯಾರಾದರೂ ಏನಾದರೂ ಅಂದರೇ? ನಾನು ಬರೆದದ್ದರಲ್ಲಿ ತಪ್ಪೇನಿದೆ ಎಂದು ಹುಡುಕಿ ಹುಡುಕಿ ಸಾಕಾಯಿತು. ಒಂದು ಗೆರೆ ಬರೆ.

ಅಮ್ಮ


ಅಕ್ಟೋಬರ್ 8

ಮೇಟ್ರನ್ ಅವರಿಗೆ ವಂದನೆಗಳು.

ಮೈ ಹುಷಾರಾಗಿದೆ. ಯಾರೂ ಏನೂ ಅಂದಿಲ್ಲ. ನಿಮ್ಮ ಆಗಸ್ಟ್ ತಿಂಗಳ ಕಾಗದವನ್ನು ಓದಿ ಸಂತೋಷಪಡಬೇಕು ಎಂದು ಬಹಳ ದಿನ ಪ್ರಯತ್ನಪಟ್ಟೆ. ಆಗಲಿಲ್ಲ. ಅದಕ್ಕೇ ಬರೆಯಲಿಲ್ಲ.

ಎದ್ದು ನಿಂತು ಒಂದು ಮಾತು ಹೇಳಿದಿರಿ, ಆಗಿಹೋಯಿತು. ಇಷ್ಟು ಸುಲಭವಾಗಿತ್ತೇ? ನಾನಿದ್ದ ಕಾಲದಲ್ಲಿ ಅದೇ ಊಟದ ಮನೆಯಲ್ಲಿ ನೀವು ಎಷ್ಟು ಸಲ ಎದ್ದು ನಿಂತಿದ್ದೀರಿ. ಸೋಪಿನ ವಿಷಯಕ್ಕೆ, ಬಾಚಣಿಗೆಯ ವಿಷಯಕ್ಕೆ, ಯಾರೋ ಸಾಲು ತಪ್ಪಿದ್ದಕ್ಕೆ. ಪ್ರತಿ ಸಲವೂ ಈ ಸಲ ಬೇರೆ ಏನೋ ಹೇಳುತ್ತೀರಿ ಎಂದು ನಾನು ಚಮಚ ಕೆಳಗಿಟ್ಟು ಕಾಯುತ್ತಿದ್ದೆ. ಏನು ಕಾಯುತ್ತಿದ್ದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಗೊತ್ತಾಯಿತು.

ನನಗೆ ಜ್ವರ ಬಂದು ಸಿಕ್ ರೂಮಿನಲ್ಲಿದ್ದಾಗ ನೀವು ಬಂದು ಹಣೆಗೆ ಒದ್ದೆ ಬಟ್ಟೆ ಇಟ್ಟಿರಿ. ಎಷ್ಟು ಹೊತ್ತು ನನ್ನ ಬಳಿ ಕೂತಿರೋ ಪಕ್ಕದ ಹಾಸಿಗೆಯ ಹುಡುಗಿಯ ಬಳಿಯೂ ಅಷ್ಟೇ ಹೊತ್ತು ಕೂತಿರಿ. ಅದು ನ್ಯಾಯ. ನಾನೂ ವಾರ್ಡಿನಲ್ಲಿ ಹಾಗೇ ಮಾಡುತ್ತೇನೆ, ನಿಮ್ಮಿಂದಲೇ ಕಲಿತದ್ದು. ಎಲ್ಲರೂ ಒಳ್ಳೆಯ ನರ್ಸ್ ಎನ್ನುತ್ತಾರೆ. ಆದರೆ ನಾನು ಆ ರೋಗಿಗಳನ್ನು ಹೆತ್ತವಳಲ್ಲ.

ಇನ್ನೊಂದು ಇದೆ, ಅದನ್ನು ಬರೆಯಲು ನಾಚಿಕೆ. ನನಗೆ ಕಡ್ಡಿಯ ಮೇಲೆ ಹೊಟ್ಟೆಕಿಚ್ಚಾಯಿತು. ನನ್ನ ಸ್ವಂತ ಮಗಳು, ಎಂಟು ವರ್ಷದವಳು, ಅಪ್ಪನಿಲ್ಲದವಳು, ಅವಳಿಗೆ ಒಂದು ಒಳ್ಳೆಯದಾದರೆ ತಾಯಿಗೆ ಹೊಟ್ಟೆಕಿಚ್ಚಾಗುತ್ತದೆಯೇ? ಆಯಿತು. ಸಾರು ಕೇಳಿದ ಆ ಹುಡುಗಿಯ ಮೇಲೂ ಆಯಿತು. ಡ್ಯೂಟಿ ಮುಗಿಸಿ ಬಂದು ಈ ಕೋಣೆಯ ಬಾಗಿಲು ಹಾಕಿದರೆ ನೀರಿನ ಪೈಪಿನ ಸದ್ದು ಬಿಟ್ಟು ಏನೂ ಇಲ್ಲ. ಅಲ್ಲಿ ನಿಮ್ಮ ಸುತ್ತ ಅಷ್ಟೂ ಮಕ್ಕಳು ಅಜ್ಜಿ ಅಜ್ಜಿ ಎನ್ನುತ್ತಿರುತ್ತಾರೆ ಎಂದುಕೊಳ್ಳುತ್ತೇನೆ. ಆ ಮೆಟ್ಟಿಲ ಮೇಲೆ ಈಗ ಯಾರೂ ಕೂರುವುದಿಲ್ಲವಂತೆ. ನನಗೆ ಮಾತ್ರ ಇನ್ನೂ ಅಲ್ಲೇ ಕೂತ ಹಾಗಿದೆ.

ಕಡ್ಡಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಿ, ಅದಕ್ಕೆ ಕೃತಜ್ಞಳು. ಅವಳಿಗೆ ಬರೆಯುತ್ತಿರುತ್ತೇನೆ. ನಿಮಗೆ ಬೇರೆಯಾಗಿ ಇನ್ನು ಬರೆಯುವುದಿಲ್ಲ. ನೀವೂ ಬರೆಯಬೇಡಿ.

ಇತಿ,
ಮೇಟ್ರನ್ ಮಗಳು


ಅಕ್ಟೋಬರ್ 22

ಮಗಳೇ,

ನೀನು ಬರೆಯಬೇಡಿ ಎಂದೆ, ಆದರೂ ಬರೆಯುತ್ತಿದ್ದೇನೆ. ಬೇಕಾದರೆ ಒಡೆಯದೆ ಇಟ್ಟುಬಿಡು.

ಮೊದಲು ಬರೆದದ್ದನ್ನು ಹರಿದು ಹಾಕಿದೆ. ಅದರಲ್ಲಿ ಬರೀ ಕಾರಣಗಳಿದ್ದವು. ನಿನ್ನ ಅಪ್ಪ ಹೋದಾಗ ನೀನು ಸೊಂಟದ ಮೇಲಿದ್ದೆ. ನಮಗೆ ತಲೆಯ ಮೇಲೆ ಒಂದು ಸೂರು ಅಂತ ಸಿಕ್ಕಿದ್ದು ಇದೇ ಮನೆ. ಆಗಿನ ದೊಡ್ಡ ಮಿಸ್ಸು ಮೊದಲ ದಿನವೇ ಕರೆದು, ಮಗು ಇಲ್ಲಿರಬಹುದು, ನಿಮ್ಮ ಮಗುವಾಗಿ ಇರುವಂತಿಲ್ಲ ಎಂದರು. ನಾನು ತಲೆ ಆಡಿಸಿದೆ. ಆಡಿಸದಿದ್ದರೆ ಎಲ್ಲಿಗೆ ಹೋಗುತ್ತಿದ್ದೆ. ಇವೆಲ್ಲ ನಿಜ. ಆದರೆ ಆ ದೊಡ್ಡ ಮಿಸ್ಸು ನೀನು ದೊಡ್ಡ ಕ್ಲಾಸಿಗೆ ಬರುವ ಮೊದಲೇ ತೀರಿಹೋದರು. ಆಮೇಲೆ ಬಂದವರು ಯಾರೂ ಕೇಳುತ್ತಿರಲಿಲ್ಲ. ನಾನೇ ಬಿಡಲಿಲ್ಲ.

ಇಷ್ಟು ಸುಲಭವಾಗಿತ್ತೇ ಎಂದು ನೀನು ಕೇಳಿದೆ. ಹೌದು, ಇಷ್ಟು ಸುಲಭವಾಗಿತ್ತು. ನನಗೆ ಹೊಳೆಯಲಿಲ್ಲ. ಗೋಡೆಯ ಮೇಲಿನ ಮಾತನ್ನು ದಿನಕ್ಕೆ ಮೂರು ಹೊತ್ತು ಓದುತ್ತಿದ್ದೆ, ಇಲ್ಲದವರ ಮುಖ ನೋಡಿ ಇರುವವರಿಂದ ಕಿತ್ತುಕೊಳ್ಳುವುದು ಎಂದೇ ಓದುತ್ತಿದ್ದೆ. ನೀನಾದರೂ ಕೇಳಿದ್ದರೆ ಹೊಳೆಯುತ್ತಿತ್ತೇನೋ. ನೀನು ಕೇಳಲಿಲ್ಲ. ಕೇಳದ ಹಾಗೆ ಬೆಳೆಸಿದವಳೂ ನಾನೇ. ಎಲ್ಲರೂ ನಿನ್ನನ್ನು ಎಂಥ ಒಳ್ಳೆಯ ಹುಡುಗಿ ಎನ್ನುತ್ತಿದ್ದರು. ನಾನು ಹೆಮ್ಮೆಪಡುತ್ತಿದ್ದೆ.

ಆ ಮಿಸ್ಸಮ್ಮನ ಮಗಳು ಏನಾದಳೆಂದು ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರನ್ನು ಹಿಡಿದು ಕೇಳಿದೆ. ಅವಳು ದೊಡ್ಡವಳಾಗಿ ದೂರದ ಊರಿಗೆ ಹೋದಳಂತೆ, ತಿರುಗಿ ಬರಲಿಲ್ಲವಂತೆ. ಅದಕ್ಕೇ ಯಾರೂ ಅವಳ ಮಾತೆತ್ತುವುದಿಲ್ಲ. ಮಿಸ್ಸಮ್ಮ ಸಾಯುವ ತನಕ ಇಲ್ಲೇ ಇದ್ದರು. ಬಹಳ ದೊಡ್ಡ ಹೆಸರು ಮಾಡಿದರು.

ಭೇಟಿಯ ಭಾನುವಾರ ಮರದ ಕೆಳಗೆ ಕೂರುತ್ತೇನೆ. ಮಕ್ಕಳು ಸುತ್ತ ಇರುತ್ತಾರೆ, ಗಲಾಟೆಯೋ ಗಲಾಟೆ. ಅಷ್ಟು ಜನರ ನಡುವೆ ಕೂತು ನನಗೆ ನಿನ್ನದೇ ಯೋಚನೆ. ಒಬ್ಬಳೇ ಮಗಳು, ಅವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಆದೆ.

ಅಮ್ಮ


ನವೆಂಬರ್ 19, ಬುಧವಾರ

ಮಗಳೇ,

ಈ ಚೀಟಿಯನ್ನು ನಿಮ್ಮ ಕ್ವಾರ್ಟರ್ಸಿನ ಗೇಟಿನವರ ಕೈಯಲ್ಲಿ ವಾರ್ಡಿಗೆ ಕಳಿಸುತ್ತಿದ್ದೇನೆ. ನಾನು ಕೆಳಗೆ ವಿಸಿಟರ್ಸ್ ರೂಮಿನಲ್ಲಿದ್ದೇನೆ. ಮೇಲೆ ನಿನ್ನ ಕೋಣೆಗೆ ಬಿಡುವುದಿಲ್ಲವಂತೆ, ನಿಯಮವಂತೆ. ನಿಯಮದ ವಿಷಯದಲ್ಲಿ ನಾನು ಯಾರ ಜೊತೆ ಜಗಳಕ್ಕೆ ನಿಲ್ಲಲಿ.

ಕಡ್ಡಿ ಚೆನ್ನಾಗಿದ್ದಾಳೆ, ಗಾಬರಿಯಾಗಬೇಡ. ಅಡುಗೆಯವಳಿಗೂ ಹಲ್ಲುಬ್ಬಿಗೂ ಒಪ್ಪಿಸಿ ಬಂದಿದ್ದೇನೆ. ಕೆಲಸಕ್ಕೆ ಸೇರಿದ ಮೇಲೆ ನಾನು ರಜೆ ಕೇಳಿದ್ದು ಇದೇ ಮೊದಲು. ಯಾಕೆ ಎಂದು ಕೇಳಿದರು. ಮಗಳನ್ನು ನೋಡಲು ಎಂದೆ. ಮಕ್ಕಳೆಲ್ಲ ಗೇಟಿನ ತನಕ ಬಂದು, ಅಜ್ಜಿ ಬೇಗ ಬನ್ನಿ ಎಂದರು. ನೋಡೋಣ, ಮಗಳು ಹೇಗೆ ಹೇಳುತ್ತಾಳೋ ಹಾಗೆ ಎಂದು ಬಂದೆ. ರೈಲಿನಲ್ಲಿ ಎದುರಿಗೆ ಕೂತಿದ್ದ ಹೆಂಗಸು ಎಷ್ಟು ಮಕ್ಕಳು ಎಂದು ಕೇಳಿದಳು. ಒಬ್ಬಳೇ ಎಂದೆ. ದಾರಿಯುದ್ದಕ್ಕೂ ಅವಳಿಗೆ ನಿನ್ನದೇ ಕಥೆ ಹೇಳಿದೆ, ಪಾಪ, ಅವಳಿಗೆ ನಿದ್ದೆ ಮಾಡಲೂ ಬಿಡಲಿಲ್ಲ.

ಇಲ್ಲಿ ಇನ್ನೂ ಕೆಲವರು ಕಾದು ಕೂತಿದ್ದರು. ಒಬ್ಬೊಬ್ಬರಾಗಿ ಅವರ ಕಡೆಯವರು ಇಳಿದು ಬಂದು ಕರೆದುಕೊಂಡು ಹೋದರು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದಾಗೆಲ್ಲ ತಲೆ ಎತ್ತುತ್ತೇನೆ. ಗೇಟಿನವರು ಯಾರನ್ನು ನೋಡಬೇಕು, ಏನಾಗಬೇಕು ಎಂದು ಕೇಳಿದರು. ಮಗಳು ಎಂದೆ. ಅವರು ಇಲ್ಲಿಗೆ ಬಂದಾಗಿನಿಂದ ಅವರನ್ನ ನೋಡೋಕೆ ಯಾರೂ ಬಂದದ್ದೇ ಇಲ್ವಲ್ಲ ಎಂದರು.

ಭೇಟಿಯ ಹೊತ್ತು ಸಂಜೆ ಆರಕ್ಕೆ ಮುಗಿಯುತ್ತದಂತೆ. ಅಲ್ಲಿಯ ತನಕ ಇಲ್ಲೇ ಕೂತಿರುತ್ತೇನೆ. ಕೆಲಸವಿದ್ದರೆ ಬರಬೇಡ, ನನಗೇನೂ ಬೇಸರವಿಲ್ಲ ಎಂದು ಬರೆಯಲು ಹೊರಟಿದ್ದೆ. ಬೇಸರವಾಗುತ್ತದೆ.

ಅಮ್ಮ